ಹಳೇ ದೋಣಿಗೆ ದೊಡ್ಡ ಮೋಟಾರ್ ಕೂರಿಸುವ ಮುಂಚೆ

ಕೆಆರ್‌ಎಸ್ ಹಿನ್ನೀರಿನಲ್ಲಿ ಹಳೇ ಫೈಬರ್ ದೋಣಿ ಇಟ್ಟುಕೊಂಡು ಮೀನು ಹಿಡಿಯುವವರು ದೋಣಿಯ ಹಿಂದೆ ತಗಲಿಸುವ ಔಟ್‌ಬೋರ್ಡ್ ಮೋಟಾರ್ ತಗೊಳ್ಳುವ ಯೋಚನೆಯಲ್ಲಿದ್ದರೆ, ದುಡ್ಡು ಕೊಡುವ ಮುಂಚೆ ದಯವಿಟ್ಟು ಇದನ್ನು ಓದಿ. ಹೋದ ಆಷಾಢದಲ್ಲಿ ಸಾಗರಕಟ್ಟೆ ಕಡೆ ನಾನೂ ನನ್ನ ಬಾಮೈದನೂ ಮುಳುಗುವುದು ಸ್ವಲ್ಪದರಲ್ಲಿ ತಪ್ಪಿತು. ಅವನಿಗೆ ಈಜು ಬರುವುದಿಲ್ಲ.

ನಮ್ಮದು 14 ಅಡಿ ಉದ್ದದ, ಚಪ್ಪಟೆ ತಳದ ದೋಣಿ. ಅಪ್ಪ ತಂದಿದ್ದು, ಇಪ್ಪತ್ತು ವರ್ಷ ದಾಟಿದೆ. ಇಷ್ಟು ದಿನ ಹುಟ್ಟು ಹಾಕಿಯೇ ನಡೆಸಿದ್ದೆವು. ಆದರೆ ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಮೂರೂ ಬಂದು ಸೇರುವ ನೀರು ಇದು. ಆಷಾಢದ ಗಾಳಿ ಎದ್ದರೆ ಎದುರಿಗೆ ಹುಟ್ಟು ಹಾಕಿ ರಟ್ಟೆ ಬಿದ್ದುಹೋಗುತ್ತದೆ. ಅದಕ್ಕೇ ಮೋಟಾರ್ ಬೇಕು ಅನ್ನಿಸಿದ್ದು.

ಕರಾವಳಿಯಲ್ಲಿ ಸೆಕೆಂಡ್ ಹ್ಯಾಂಡ್ ಮೋಟಾರ್ ಮಾರುವವರೊಬ್ಬರು 25 ಎಚ್‌ಪಿಯ ಟೂ-ಸ್ಟ್ರೋಕ್ ತೋರಿಸಿದರು. "ಚಿಕ್ಕದು ತಗೊಂಡು ಏನ್ ಮಾಡ್ತೀರಿ, ಪವರ್ ಜಾಸ್ತಿ ಇದ್ದಷ್ಟೂ ಒಳ್ಳೇದು" ಅಂದರು. ದೋಣಿ ಎಷ್ಟು ಉದ್ದ, ಎಷ್ಟು ಹಳೇದು, ಮೋಟಾರ್ ಕೂರಿಸುವ ಹಿಂದಿನ ಹಲಗೆ ಎಷ್ಟು ಎತ್ತರ, ಒಂದನ್ನೂ ಕೇಳಲಿಲ್ಲ. ನಾನೂ ಅಳತೆ ತಗೊಂಡು ಹೋಗಿರಲಿಲ್ಲ. ಮನೆಗೆ ತಂದ ದಿನ ಅಪ್ಪ ಒಂದೇ ಮಾತು ಹೇಳಿದ್ದು: "ಮುದಿ ಎತ್ತಿನ ಮ್ಯಾಲೆ ಇಷ್ಟು ಹೇರಬ್ಯಾಡ ಕಣ್ಲಾ." ಕೇಳಬೇಕಿತ್ತು.

ಅವತ್ತು ಬಲೆ ಎತ್ತಿಕೊಂಡು ವಾಪಸ್ ಬರುವಾಗ ಎದುರುಗಾಳಿ. ಬೇಗ ದಡ ಸೇರೋಣ ಅಂತ ಆಕ್ಸಿಲೇಟರ್ ತಿರುಗಿಸಿದೆ. ಮುಂದಿನ ಮೂತಿ ಮೇಲಕ್ಕೆ ಎದ್ದಿತು, ಹಿಂಭಾಗ ಕುಕ್ಕರಿಸಿತು. 50 ಕೆಜಿ ಹತ್ತಿರದ ಮೋಟಾರ್, ಪಕ್ಕದಲ್ಲಿ ನಾನು, ಪೆಟ್ರೋಲ್ ಟ್ಯಾಂಕು, ಒದ್ದೆ ಬಲೆ, ಎಲ್ಲ ಹಿಂದೆಯೇ. ಹಲಗೆ ದಾಟಿ ನೀರು ಒಳಗೆ ಬಂತು. ಆಗಲೇ ಚಟ್ ಅಂತ ಸದ್ದು. ಮೇಲಿನ ಎರಡು ಬೋಲ್ಟು ಹಲಗೆಯನ್ನು ಸೀಳಿಕೊಂಡು ಬಂದವು. ಮೋಟಾರಿನ ತಲೆ ಹಿಂದಕ್ಕೆ ವಾಲಿತು. ಸ್ಟಾಪ್ ಬಟನ್ ಒತ್ತಿದೆ, ಕೈ ನಡುಗುತ್ತಿತ್ತು. ಬಾಮೈದ ಬಕೆಟ್ಟಿನಲ್ಲಿ ನೀರು ಎತ್ತಿ ಎತ್ತಿ ಚೆಲ್ಲಿದ, ನಾನು ಹುಟ್ಟಿನಿಂದ ದೋಣಿ ಅಡ್ಡ ತಿರುಗದ ಹಾಗೆ ಹಿಡಿದೆ. ಕೊನೆಗೆ ಆ ಗಾಳಿಯೇ ನಮ್ಮನ್ನು ಹಿಂದಿನ ದಡಕ್ಕೆ ತಳ್ಳಿತು.

ದಡದಲ್ಲಿ ಬೋಲ್ಟಿನ ತೂತಿಗೆ ತಂತಿ ಹಾಕಿ ಕೆದಕಿದೆ. ಕಾಫಿ ಗಷ್ಟಿನ ಹಾಗೆ ಕಪ್ಪಗೆ, ಒದ್ದೆ ಪುಡಿ ಬಂತು. ಹೊರಗೆ ಫೈಬರ್ ಗಟ್ಟಿಯಾಗೇ ಕಾಣುತ್ತದೆ, ಒಳಗಿನ ಪ್ಲೈವುಡ್ ಕೊಳೆತುಹೋಗಿತ್ತು. ಹಳೇ ಮೊಳೆ, ತೂತುಗಳಲ್ಲಿ ನೀರು ಇಳಿದು ವರ್ಷಗಟ್ಟಲೆ ನೆನೆದಿದ್ದು. ನಿಮ್ಮ ದೋಣಿಯ ಹಿಂದಿನ ಹಲಗೆಯನ್ನು ಸುತ್ತಿಗೆಯ ಹಿಡಿಯಿಂದ ಒಮ್ಮೆ ಬಡಿದು ನೋಡಿ. ಟಕ್ ಟಕ್ ಅಂದರೆ ಸರಿ. ಬೊದ್ ಅಂತ ಸತ್ತ ಸದ್ದು ಬಂದರೆ ಎಷ್ಟು ಚಿಕ್ಕ ಮೋಟಾರೂ ಬೇಡ, ಮೊದಲು ಹಲಗೆ ಬದಲಿಸಿ.

ಇನ್ನು ಎಚ್‌ಪಿ ವಿಚಾರ. ಅಮೆರಿಕದ ಕೋಸ್ಟ್ ಗಾರ್ಡ್ 20 ಅಡಿಗಿಂತ ಚಿಕ್ಕ ದೋಣಿಗಳಿಗೆ ಒಂದು ಲೆಕ್ಕ ಇಟ್ಟಿದೆ. ದೋಣಿಯ ಉದ್ದವನ್ನು ಹಿಂಭಾಗದ ಅಗಲದಿಂದ ಗುಣಿಸಬೇಕು, ಎರಡೂ ಅಡಿಯಲ್ಲಿ. ನಮ್ಮದು 14 ಇಂಟು ಮೂರೂವರೆ, ಅಂದರೆ 49. 46ರಿಂದ 52ರವರೆಗೆ 15 ಎಚ್‌ಪಿ ಮಿತಿ. ನಮ್ಮದರ ಹಾಗೆ ಪಕ್ಕದ ಗೋಡೆ ಸೇರುವ ಮೂಲೆ ಚೂಪಾಗಿರುವ ಚಪ್ಪಟೆ ತಳ ಆದರೆ ಒಂದು ಮೆಟ್ಟಿಲು ಇಳಿಸಬೇಕು, 10 ಎಚ್‌ಪಿ. ಅದೂ ಗಟ್ಟಿ ದೋಣಿಗೆ, ಅದಕ್ಕಿಂತ ಮೇಲೆ ಹೋಗಬೇಡಿ ಅನ್ನುವ ಮಿತಿ. ನಾನು ಅದರ ಎರಡೂವರೆ ಪಟ್ಟು ಕೂರಿಸಿದ್ದೆ! ಬಲೆ, ಮೀನು ತುಂಬಿದ 14 ಅಡಿ ದೋಣಿ ನೀರನ್ನು ಸೀಳಿಕೊಂಡು ಗಂಟೆಗೆ 9-10 ಕಿಲೋಮೀಟರ್ ಹೋಗುತ್ತದೆ. ಆ ವೇಗ ದಾಟಿಸಲು ಎಷ್ಟು ಪೆಟ್ರೋಲ್ ಸುಟ್ಟರೂ ಹಿಂಭಾಗ ಕೂರುತ್ತದೆ ಅಷ್ಟೇ.

ಶಾಫ್ಟ್, ಅಂದರೆ ಮೋಟಾರಿನಿಂದ ನೀರಿಗೆ ಇಳಿಯುವ ಕಂಬದ ಉದ್ದವನ್ನೂ ನೋಡಿ. ಸಾಮಾನ್ಯವಾಗಿ 15 ಇಂಚು, 20 ಇಂಚು ಅಂತ ಎರಡು ಬರುತ್ತವೆ. ನಮ್ಮ ಹಲಗೆ 15 ಇಂಚು ಎತ್ತರ, ನನಗೆ ಕೊಟ್ಟಿದ್ದು 20 ಇಂಚಿನದು. ಐದು ಇಂಚು ಸುಮ್ನೆ ನೀರಲ್ಲಿ ಎಳೆದಾಡುತ್ತಿತ್ತು. ಬೇಸಿಗೆಯಲ್ಲಿ ನೀರು ಇಳಿದು ಬಂಡೆ, ಮರದ ಬೊಡ್ಡೆ ಮೇಲೆ ಬಂದಾಗ ಮೊದಲು ತಗಲುವುದೇ ಇಷ್ಟು ಆಳಕ್ಕೆ ಇಳಿದ ಫ್ಯಾನ್ (ನೀರನ್ನು ತಳ್ಳುವ ರೆಕ್ಕೆ). ಹಲಗೆಯ ಮಧ್ಯದಲ್ಲಿ, ಮೇಲಿನ ಅಂಚಿನಿಂದ ದೋಣಿಯ ತಳದವರೆಗೆ ಟೇಪ್ ಹಿಡಿದು ಅಳೆಯಿರಿ. ಫ್ಯಾನಿನ ಮೇಲೆ ಅಡ್ಡ ಇರುವ ಚಪ್ಪಟೆ ತಟ್ಟೆ ತಳಕ್ಕೆ ಸಮವಾಗಿ, ಹೆಚ್ಚೆಂದರೆ ಒಂದು ಇಂಚು ಕೆಳಗೆ ಬರಬೇಕು.

ಈಗ ಹಲಗೆ ಹೊಸದು ಹಾಕಿಸಿ, 15 ಇಂಚಿನ 8 ಎಚ್‌ಪಿ ಕೂರಿಸಿದ್ದೇವೆ. 30 ಕೆಜಿ ಒಳಗೇ ಇದೆ, ಒಬ್ಬನೇ ಎತ್ತಿ ಇಡಬಹುದು. ಆಷಾಢದ ಗಾಳಿಗೂ ಸಾಕು, ನಿಧಾನಕ್ಕೆ ಬರುತ್ತೇವೆ. ಮೋಟಾರಿಗೂ ದೋಣಿಗೂ ಒಂದು ಸರಪಳಿ ಕಟ್ಟಿದ್ದೇನೆ. ಬಾಮೈದ ಲೈಫ್ ಜಾಕೆಟ್ ಇಲ್ಲದೆ ದೋಣಿ ಹತ್ತುವುದಿಲ್ಲ, ನಾನೂ ಹತ್ತುವುದಿಲ್ಲ.

ಸಾಗರಕಟ್ಟೆ, ಆನಂದೂರು ಕಡೆಯವರು ಯಾರಾದರೂ ಹಳೇ ದೋಣಿಗೆ ಮೋಟಾರ್ ನೋಡುತ್ತಿದ್ದರೆ ತಿಳಿಸಿ. ಟೇಪು, ಸುತ್ತಿಗೆ ಹಿಡಿದು ನಾನೇ ಬರುತ್ತೇನೆ, ಒಟ್ಟಿಗೆ ಬಡಿದು ನೋಡೋಣ.