ಹಳೆ ಕಾರಿನ ಹರಾಜಿಗೆ ಹೋಗುವ ಮುಂಚೆ ಇದನ್ನೊಮ್ಮೆ ಓದಿ

ಕಾರು ಕೊಳ್ಳುವ ಯೋಚನೆಯೇ ಇರಲಿಲ್ಲ. ಸುಮ್ನೆ ನೋಡಿಕೊಂಡು ಬರೋಣ ಅಂತ ಹೋದವನು ನಾನು. ಬೆಳಿಗ್ಗೆ ಪ್ರದರ್ಶನ, ಮಧ್ಯಾಹ್ನ ಹರಾಜು. ಬಿಡ್ ಮಾಡುವ ನಂಬರ್ ಹಲಗೆಯನ್ನೂ ಇರಲಿ ಬಿಡು ಅಂತ ತಮಾಷೆಗೇ ತಗೊಂಡೆ. ಹಲಗೆ ಕೈಯಲ್ಲಿದ್ದರೆ ಕೈ ತಾನಾಗಿ ಮೇಲೇಳುತ್ತದೆ, ನಂಬಿ.

ಹರಾಜಿಗಿಟ್ಟ ಕಾರುಗಳನ್ನು ಮುಟ್ಟಿ, ಬಗ್ಗಿ, ಅಡಿಯೆಲ್ಲ ನೋಡಲು ಮೂರು ಗಂಟೆ ಕೊಟ್ಟಿದ್ದರು. ಆ ಮೂರು ಗಂಟೆ ನಾನು, ಬರೀ ಪ್ರದರ್ಶನಕ್ಕೆ ಅಂತ ಸುತ್ತ ಹಗ್ಗ ಕಟ್ಟಿ ನಿಲ್ಲಿಸಿದ್ದ ಜಾಗುವಾರ್ ಇ-ಟೈಪ್ ಮುಂದೆ ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಕೊನೆಯ ಹತ್ತು ನಿಮಿಷದಲ್ಲಿ ಕಣ್ಣಿಗೆ ಬಿತ್ತು ಒಂದು ಕೆಂಪು ಎಂಜಿಬಿ ರೋಡ್‌ಸ್ಟರ್. 1967ರದ್ದು, ಬ್ರಿಟನ್ನಿನ ಎರಡು ಸೀಟಿನ ತೆರೆದ ಕಾರು. ಕ್ರೋಮ್ ಬಂಪರ್, ಸ್ಪೋಕ್ ಚಕ್ರ, ಮುಖ ನೋಡಿಕೊಳ್ಳುವಷ್ಟು ಹೊಳೆಯುವ ಬಣ್ಣ. ಕೀ ತಿರುಗಿಸಿದ ತಕ್ಷಣ ಸ್ಟಾರ್ಟ್ ಆಯಿತು. ಅದಕ್ಕೂ ಮುಂಚೆಯೇ ಬಾನೆಟ್ ಮೇಲೆ ಕೈಯಿಟ್ಟಿದ್ದೆ, ಬೆಚ್ಚಗಿತ್ತು. ಅದನ್ನು ಒಳ್ಳೆ ಲಕ್ಷಣ ಅಂದುಕೊಂಡೆ, ಪೆದ್ದ! ಮೊದಲೇ ಬಿಸಿ ಮಾಡಿಟ್ಟ ಎಂಜಿನ್‌ನಲ್ಲಿ, ತಣ್ಣಗಿದ್ದಾಗ ಮಾತ್ರ ಬರುವ ಹೊಗೆ, ಟಕಟಕ ಸದ್ದು ಯಾವುದೂ ಗೊತ್ತಾಗುವುದಿಲ್ಲ.

ಹರಾಜು ಶುರುವಾದ ಮೇಲೆ ಕೇಳಬೇಕಾ. 2022ರಲ್ಲಿ ಮರ್ಸಿಡಿಸ್ 300 ಎಸ್‌ಎಲ್‌ಆರ್ ಉಲೆನ್‌ಹಾಟ್ ಕೂಪೆ 13.5 ಕೋಟಿ ಯೂರೋಗೆ ಹೋಯಿತಲ್ಲ, ಹಳೆ ಕಾರು ಅಂದರೆ ಬಂಗಾರ ಅಂತ ಆ ಸುದ್ದಿ ನನ್ನ ತಲೆಯಲ್ಲಿ ಕೂತಿತ್ತು. ಅಂಥ ಕಾರು ತಯಾರಾದದ್ದೇ ಎರಡು. ಎಂಜಿಬಿ ತಯಾರಾದದ್ದು ಐದು ಲಕ್ಷಕ್ಕೂ ಜಾಸ್ತಿ! ಆ ಲೆಕ್ಕ ಆಗ ಎಲ್ಲಿ ಹೊಳೆಯಬೇಕು. ನಾನು ಕೂಗಿದ ಹಾಗೆಲ್ಲ ಹಿಂದಿನಿಂದ ಯಾರೋ ಮೇಲೆ ಕೂಗುತ್ತಿದ್ದರು. ರಿಸರ್ವ್ ಬೆಲೆ (ಇದಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಅಂತ ಮಾರುವವರು ಇಟ್ಟ ಬೆಲೆ) ಮುಟ್ಟುವ ತನಕ ಮಾರುವವರ ಪರವಾಗಿ ಹರಾಜಿನವರೇ ಕೂಗಬಹುದು ಅಂತ ಎಷ್ಟೋ ಕಡೆ ನಿಯಮದಲ್ಲೇ ಇರುತ್ತದೆ. ಇದು ಗೊತ್ತಾಗಿದ್ದು ಮನೆಗೆ ಬಂದು ಸಣ್ಣ ಅಕ್ಷರ ಓದಿದ ಮೇಲೆ.

ಸುತ್ತಿಗೆ ಬಿತ್ತು, ಕಾರು ನನ್ನದಾಯಿತು. ಬಿಲ್ ನೋಡಿದರೆ ಕೂಗಿದ ಬೆಲೆಯ ಮೇಲೆ ಶೇಕಡ 12 ಕೊಳ್ಳುವವರ ಕಮಿಷನ್, ಅದರ ಮೇಲೆ ತೆರಿಗೆ, ಎರಡು ದಿನದಲ್ಲಿ ಕಾರು ಎತ್ತದಿದ್ದರೆ ದಿನದ ಬಾಡಿಗೆ ಬೇರೆ. ಇದನ್ನೆಲ್ಲ ಕಳೆದು ನಿಮ್ಮ ಕೊನೆಯ ಬೆಲೆಯನ್ನು ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ನಿಜವಾದ ಕತೆ ಶುರುವಾದದ್ದು ಗ್ಯಾರೇಜಿನಲ್ಲಿ. ಮೆಕ್ಯಾನಿಕ್ ಒಂದು ಪಕ್ಕ ಜಾಕ್ ಕೊಟ್ಟು ಎತ್ತಿದರು. "ಸಾರ್, ಈಗ ಬಾಗಿಲು ತೆಗೀರಿ" ಅಂದರು. ತೆಗೆಯಲು ಆಗಲಿಲ್ಲ. ಈ ಕಾರಿಗೆ ಬಾಡಿ ಹೊರುವ ಬೇರೆ ಚೌಕಟ್ಟು, ಅಂದರೆ ಚಾಸಿ ಇಲ್ಲ, ಮೇಲೆ ತಗಡಿನ ಛಾವಣಿಯೂ ಇಲ್ಲ. ಮುಖ್ಯವಾಗಿ ಭಾರ ಹೊರುವುದು ಬಾಗಿಲ ಕೆಳಗೆ ಉದ್ದಕ್ಕೆ ಇರುವ ಉಕ್ಕಿನ ಟೊಳ್ಳು ತೊಲೆ, ಅಂದರೆ ಸಿಲ್‌ಗಳೇ. ಅವು ತುಕ್ಕು ತಿಂದಿದ್ದರೆ ಎತ್ತಿದಾಗ ಬಾಡಿ ನಡುವಲ್ಲಿ ಮಡಚಿಕೊಂಡು ಬಾಗಿಲ ಸಂದು ಮುಚ್ಚಿ ಹೋಗುತ್ತದೆ. ಸಿಲ್ ಮೇಲೆ ಮ್ಯಾಗ್ನೆಟ್ ಇಟ್ಟು ನೋಡಿದೆವು, ಜಾರಿ ಕೆಳಗೆ ಬಿತ್ತು. ಅಂಟಲು ಕಬ್ಬಿಣವೇ ಇಲ್ಲ, ತೂತು ಮುಚ್ಚಲು ಮೆತ್ತಿದ ಪುಟ್ಟಿ ಪೂರ್ತಿ! ಬಣ್ಣ ಗೀಚದ ಹಾಗೆ ಬಟ್ಟೆ ಸುತ್ತಿದ ಒಂದು ಸಣ್ಣ ಮ್ಯಾಗ್ನೆಟ್ ಜೇಬಲ್ಲಿದ್ದಿದ್ದರೆ ಇಷ್ಟೂ ದುಡ್ಡು ಉಳಿಯುತ್ತಿತ್ತು. (ಆ ಕಾಲದ ಎಂಜಿಬಿಯ ಬಾನೆಟ್ ಅಲ್ಯೂಮಿನಿಯಂ, ಅಲ್ಲಿ ಅಂಟದಿದ್ದರೆ ಗಾಬರಿ ಬೀಳಬೇಡಿ.)

ಹರಾಜಿನವರಿಗೆ ಫೋನ್ ಮಾಡಿದೆ. ಕ್ಯಾಟಲಾಗ್‌ನಲ್ಲಿ ಪೂರ್ತಿ ರಿಪೇರಿಯಾದ ಕಾರು ಅಂತ ಬರೆದಿತ್ತಲ್ಲ ಅಂದೆ. ಅದು ಮಾರಿದವರ ಮಾತು, ನಾವು ಇದ್ದ ಸ್ಥಿತಿಯಲ್ಲೇ ಮಾರಿದ್ದೇವೆ, ಸಹಿ ನಿಮ್ಮದೇ ಅಂದರು. ಆ ರಿಪೇರಿಯ ಬಿಲ್ಲು, ಫೋಟೋ ಎಲ್ಲಿ ಅಂತ ಹರಾಜಿಗೆ ಮುಂಚೆ ನಾನು ಕೇಳಿರಲೇ ಇಲ್ಲ.

ಹೋದ ವಾರ ಸಿಲ್ ಕತ್ತರಿಸಿದರು. ಪುಟ್ಟಿ ನಿಲ್ಲಲಿ ಅಂತ ಒಳಗೆ ಪೇಪರ್ ಉಂಡೆ ತುರುಕಿದ್ದರು. ಬಿಡಿಸಿ ತಾರೀಕು ನೋಡಿದೆ. ಹರಾಜಿಗೆ ಸರಿಯಾಗಿ ಎರಡು ತಿಂಗಳ ಹಿಂದಿನ ಪೇಪರ್.