ಹಳೇ ಕಾರಿನ ಬ್ರೇಕ್ ಏರ್ ತೆಗೆಯೋದು: ಪೆಡಲ್, ಬಾಟ್ಲಿ, ವ್ಯಾಕ್ಯೂಮ್ ಪಂಪ್, ಇಲ್ಲಾ ತಾನೇ ಇಳಿಯಲು ಬಿಡೋದು?

ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ ಮಾರುತಿ 800, ಆಲ್ಟೊ, ಝೆನ್ ಥರದ ಹಳೇ ಗಾಡಿಗಳಲ್ಲಿ ಬ್ರೇಕ್ ಲೈನಿನೊಳಗೆ ಸೇರಿದ ಗಾಳಿಯನ್ನು (ಏರ್) ಹಳೇ ಆಯಿಲ್ ಜೊತೆ ಹೊರಹಾಕಲು ಈ ನಾಲ್ಕೂ ದಾರಿ ಬಳಸಿ ನೋಡಿದ್ದೇವೆ. ಎಬಿಎಸ್ ಇರುವ ಗಾಡಿಯ ಲೆಕ್ಕ ಬೇರೆ, ಅದು ಇಲ್ಲಿಲ್ಲ.

ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗುವ ಗಾಡಿಗೆ ಈ ಕೆಲಸ ಮುಂದೂಡುವಂಥದ್ದಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯುವುದಿಲ್ಲ, ನೀರು ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದೇ ಅಂಕಿ 230 ಮತ್ತು 155. ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಹೋದರೆ ಡಿಸ್ಕನ್ನು ಅದುಮಿ ಹಿಡಿಯುವ ಕ್ಯಾಲಿಪರ್ ಕಾದು ಒಳಗೆ ಆವಿ ಹುಟ್ಟುತ್ತದೆ, ಪೆಡಲ್ ಸ್ಪಂಜಿನ ಹಾಗೆ ಕುಗ್ಗುತ್ತದೆ. ಡಾಟ್ 3 ಇದ್ದಲ್ಲಿ ಡಾಟ್ 4 ಹಾಕಬಹುದು. ಸಿಲಿಕೋನಿನ ಡಾಟ್ 5 ಮಾತ್ರ ಬೇಡ, ಅದು ಇವೆರಡರ ಜೊತೆ ಬೆರೆಯುವುದಿಲ್ಲ.

ಯಾವ ದಾರಿ ಹಿಡಿದರೂ ಮೊದಲ ತಯಾರಿ ಒಂದೇ. ಎರೆಮಣ್ಣಿನ ಅಂಗಳದಲ್ಲಿ ಜಾಕ್ ಹೂತುಹೋಗುತ್ತದೆ, ಕೆಳಗೆ ದಪ್ಪ ಹಲಗೆ ಇರಲಿ. ಗಾಡಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಬರೀ ಜಾಕ್ ನಂಬಬೇಡಿ. ಆಯಿಲ್ ಡಬ್ಬಿಯ ಮುಚ್ಚಳ ತೆಗೆಯುವ ಮುನ್ನ ಸುತ್ತಲಿನ ಧೂಳು ಒರೆಸಿ. ಗಾಲಿಯ ಬಳಿ ಏರ್ ಬಿಡಲು ಇರುವ ಸಣ್ಣ ಸ್ಕ್ರೂ, ಅಂದರೆ ಬ್ಲೀಡರ್ ನಿಪ್ಪಲ್‌ಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಬೆಳಿಗ್ಗೆ ಮೆಲ್ಲಗೆ ತಟ್ಟಿ, 8 ಅಥವಾ 10ರ ರಿಂಗ್ ಪಾನಾ ಹಾಕಿ. ಫಿಕ್ಸ್ ಪಾನಾ ಹಾಕಿದರೆ ಮೂಲೆ ಸವೆದು ನಿಪ್ಪಲ್ ಗುಂಡಗಾಗುತ್ತದೆ. ಹಿಂದಿನ ಡ್ರಮ್ಮಿನೊಳಗಿನ ಬ್ರೇಕ್ ಶೂ ಅಡ್ಜಸ್ಟ್ ಮಾಡಿಯೇ ಏರ್ ತೆಗೆಯಿರಿ. ಶೂ ಡ್ರಮ್ಮಿನಿಂದ ದೂರ ಇದ್ದರೆ ಪೆಡಲ್ ಕೆಳಗೇ ಇರುತ್ತದೆ, ಏರ್ ಇದೆ ಅಂತ ಸುಮ್ಮನೆ ಆಯಿಲ್ ಸುರಿಯುತ್ತ ಕೂರುತ್ತೀರಿ.

ಇಬ್ಬರು ಸೇರಿ ಪೆಡಲ್ ಒತ್ತುವುದು. ಗ್ಯಾರೇಜಿನವರ ರೂಢಿ ಇದೇ. ಖರ್ಚಿಲ್ಲ, ನಾಲ್ಕು ಗಾಲಿಗೆ ಮುಕ್ಕಾಲು ತಾಸು ಸಾಕು. ಎಂಜಿನ್ ಬಂದ್ ಇರಲಿ. ಸೀಟಿನಲ್ಲಿದ್ದವರು ನಿಧಾನ ಒತ್ತಿ "ಹಿಡಿದೇನಿ" ಅನ್ನಬೇಕು. ಕೆಳಗಿದ್ದವರು ನಿಪ್ಪಲ್ ಕಾಲು ಸುತ್ತು ಬಿಚ್ಚಿ, ಮುಚ್ಚಿ, ಆಮೇಲೆ "ಬಿಡು" ಅನ್ನಬೇಕು. ಮುಚ್ಚುವ ಮುಂಚೆ ಕಾಲೆತ್ತಿದರೆ ಗಾಳಿ ಒಳಕ್ಕೆ ವಾಪಸ್.

ಹಳೇ ಗಾಡಿಗೆ ಇದರಲ್ಲಿ ದೊಡ್ಡ ಅಪಾಯ ಒಂದಿದೆ. ದಿನನಿತ್ಯ, ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಸ್ವಲ್ಪ ದೂರವಷ್ಟೇ ಓಡಾಡುತ್ತದೆ. ಅದರಾಚೆಯ ಭಾಗದಲ್ಲಿ ವರ್ಷಗಟ್ಟಲೆ ತುಕ್ಕು, ರಾಡಿ ಕೂತಿರುತ್ತದೆ. ಪೆಡಲನ್ನು ತಳಕ್ಕೆ ಒತ್ತಿದರೆ ರಬ್ಬರಿನ ಅಂಚು ಅಲ್ಲಿ ಉಜ್ಜಿ ಹರಿಯುತ್ತದೆ. ಆಯಿಲ್ ಬದಲಿಸುವ ಮುಂಚೆ ಚೆನ್ನಾಗಿದ್ದ ಬ್ರೇಕು ಬದಲಿಸಿದ ಮೇಲೆ ಕೆಡುವುದು ಹೀಗೆ, ಬೈಗುಳ ಮಾತ್ರ ಹೊಸ ಆಯಿಲ್‌ಗೆ. ಪೆಡಲ್ ಕೆಳಗೆ ಒಂದು ಕಟ್ಟಿಗೆ ತುಂಡು ಇಟ್ಟು ಅರ್ಧಕ್ಕಿಂತ ಕೆಳಗೆ ಹೋಗದ ಹಾಗೆ ಮಾಡಿ.

ಬಾಟ್ಲಿ ಮತ್ತು ನಾನ್ ರಿಟರ್ನ್ ವಾಲ್ವ್. ಒಬ್ಬರೇ ಇದ್ದಾಗಿನ ಉಪಾಯ: ನಿಪ್ಪಲ್ ಬಿಚ್ಚಿಟ್ಟೇ ಪೆಡಲ್ ಒತ್ತಿ ಬಿಡುವುದು, ಒಂದೇ ಕಡೆ ಹರಿಯಲು ಬಿಡುವ ಈ ವಾಲ್ವ್ ಆಯಿಲನ್ನು ವಾಪಸ್ ಬಿಡುವುದಿಲ್ಲ. ನಿಪ್ಪಲ್‌ಗೆ ಬಿಗಿಯಾಗಿ ಕೂರುವ ಪಾರದರ್ಶಕ ಪೈಪು, ಅದರ ತುದಿ ಬಾಟ್ಲಿಯ ಆಯಿಲ್‌ನಲ್ಲಿ ಮುಳುಗಿರಬೇಕು. ಕಟ್ಟಿಗೆ ತುಂಡು ಇಲ್ಲೂ ಬೇಕು. ತೊಡಕೆಂದರೆ ಸವೆದ ನಿಪ್ಪಲ್: ಪೆಡಲ್ ಮೇಲೇಳುವಾಗ ಅದರ ಥ್ರೆಡ್ ಸಂದಿಯಿಂದಲೇ ಗಾಳಿ ಎಳೆದುಕೊಳ್ಳುತ್ತದೆ, ವಾಲ್ವ್ ಅದನ್ನು ತಡೆಯಲಾರದು. ಹೊಸ ಆಯಿಲ್ ತುಂಬಲು ಚಲೋ, ಕೊನೆಯ ಗುಳ್ಳೆ ತೆಗೆಯಲು ಅಷ್ಟಕ್ಕಷ್ಟೆ.

ಕೈಯಿಂದ ನಡೆಸುವ ವ್ಯಾಕ್ಯೂಮ್ ಪಂಪ್. ಕ್ಯಾಲಿಪರ್ ಅಥವಾ ಪೈಪು ಬದಲಿಸಿ ಲೈನ್ ಪೂರ್ತಿ ಖಾಲಿಯಾದಾಗ ಇದಕ್ಕೆ ಸಾಟಿ ಇಲ್ಲ, ಆಯಿಲ್ ಬೇಗ ಗಾಲಿಯವರೆಗೆ ಬರುತ್ತದೆ. ಆದರೆ ಥ್ರೆಡ್ಡಿನ ಗಾಳಿಯನ್ನೂ ಎಳೆಯುವುದರಿಂದ ಪೈಪಿನಲ್ಲಿ ಗುಳ್ಳೆ ನಿಲ್ಲುವುದೇ ಇಲ್ಲ, ಕೆಲಸ ಮುಗಿಯಿತೋ ಇಲ್ಲವೋ ತಿಳಿಯದು. ನಿಪ್ಪಲ್ ಬುಡಕ್ಕೆ ಸುತ್ತ ಗ್ರೀಸ್ ಹಚ್ಚಿದರೆ ಗುಳ್ಳೆ ಕಡಿಮೆಯಾಗುತ್ತದೆ. ಇದಕ್ಕಂತಲೇ ದುಡ್ಡು ಸುರಿಯುವಂಥ ಸಾಮಾನಲ್ಲ.

ತಾನೇ ಇಳಿಯಲು ಬಿಡುವುದು. ಡಬ್ಬಿಯ ಮುಚ್ಚಳ ಸಡಿಲಿಸಿ, ನಿಪ್ಪಲ್ ಬಿಚ್ಚಿ, ಪೈಪು ಬಾಟ್ಲಿಗೆ ಬಿಡಿ. ಒಂದೊಂದು ಗಾಲಿಗೆ 15ರಿಂದ 30 ನಿಮಿಷ. ಪೆಡಲ್ ಮುಟ್ಟುವುದೇ ಇಲ್ಲವಾದ್ದರಿಂದ ಮಾಸ್ಟರ್ ರಬ್ಬರಿಗೆ ಧಕ್ಕೆ ಇಲ್ಲ. ಡಬ್ಬಿ ಖಾಲಿಯಾಗಲು ಬಿಟ್ಟರೆ ಮಾತ್ರ ಎಲ್ಲ ಮೊದಲಿಂದ. ಕೊರತೆಯೂ ಇದೆ: ಹರಿವು ನಿಧಾನ, ಗುಳ್ಳೆಗೆ ಮೇಲೇಳುವ ಸ್ವಭಾವ. ಹಾಗಾಗಿ ಹಿಂದಿನ ಗಾಲಿಗೆ ಹೋಗುವ ಲೈನ್ ಎಲ್ಲಿ ಎತ್ತರಕ್ಕೆ ಬಾಗಿದೆಯೋ ಅಲ್ಲಿ ಗಾಳಿ ಕೂತೇ ಇರುತ್ತದೆ.

ನಮ್ಮ ಆಯ್ಕೆ: ಹತ್ತು ವರ್ಷ ದಾಟಿದ ಗಾಡಿಗೆ ಮೊದಲು ತಾನೇ ಇಳಿಯಲು ಬಿಟ್ಟು ಹೊಸ ಆಯಿಲ್ ತರಿಸಿಕೊಳ್ಳುವುದು, ಆಮೇಲೆ ಗಾಲಿಗೆ ಐದಾರು ಸಲ, ಕಟ್ಟಿಗೆ ತುಂಡಿಟ್ಟು, ಇಬ್ಬರು ಸೇರಿ ಪೆಡಲ್ ಒತ್ತುವುದು. ಗಾಲಿಗಳ ಸರದಿಯನ್ನು ಆ ಗಾಡಿಯ ಮ್ಯಾನ್ಯುಯಲ್ ನೋಡಿ ಹಿಡಿಯಿರಿ. ಹೊಸ ಬ್ರೇಕ್ ಆಯಿಲಿನ ಅರ್ಧ ಲೀಟರಿನ ಎರಡು ಡಬ್ಬಿ ತಂದಿಟ್ಟುಕೊಂಡರೆ ನಡುವೆ ಅಂಗಡಿಗೆ ಓಡುವುದು ತಪ್ಪುತ್ತದೆ. ಬಾಟ್ಲಿಗೆ ಇಳಿದದ್ದನ್ನು ಮತ್ತೆ ಸುರಿಯಬೇಡಿ.

ಏನು ಮಾಡಿದರೂ ಪೆಡಲ್ ಗಟ್ಟಿಯಾಗದಿದ್ದರೆ ಮುಂದಿನ ಕ್ಯಾಲಿಪರ್ ನೋಡಿ. ಎಡಬಲ ಅದಲುಬದಲಾಗಿ ನಿಪ್ಪಲ್ ಕೆಳಮುಖವಾಗಿದ್ದರೆ ಮೇಲಿನ ಗಾಳಿ ಎಂದೂ ಬರುವುದಿಲ್ಲ. ಎಲ್ಲ ಸರಿಯಿದ್ದರೆ ಎಂಜಿನ್ ಚಾಲೂ ಮಾಡಿ ಪೆಡಲ್ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಮೊದಲು ತುಸು ಇಳಿಯುವುದು ಪೆಡಲಿಗೆ ಬಲ ಕೂಡಿಸುವ ಬೂಸ್ಟರಿನ ಕೆಲಸ. ಆಮೇಲೂ ಮೆಲ್ಲಗೆ ಕುಸಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ರಬ್ಬರ್ ಹೋಗಿದೆ. ಆ ಗಾಡಿಯನ್ನು ರಸ್ತೆಗೆ ಇಳಿಸಬೇಡಿ.