ಎರಡು ಸಾವಿರ ರೂಪಾಯಿಯೊಳಗಿನ ಹೆಡ್‌ಫೋನ್: ಓಲೆ, ಕನ್ನಡಕ ಮತ್ತು ನಾಲ್ಕನೆಯ ಗಂಟೆ

ಮಂಡ್ಯ ಜಿಲ್ಲೆಯ ಆಲೆಮನೆಗಳಲ್ಲಿ ದುಡಿದ ಹಿರಿಯರ ಮಾತುಗಳನ್ನು ಧ್ವನಿಮುದ್ರಿಸಿಕೊಂಡು ಬಂದು, ಮೈಸೂರಿನ ಸರಸ್ವತೀಪುರಂನಲ್ಲಿರುವ ನಮ್ಮ ಮನೆಯಲ್ಲಿ ಕುಳಿತು ಅವನ್ನು ಅಕ್ಷರಕ್ಕಿಳಿಸುವುದು ಎರಡು ವರ್ಷಗಳಿಂದ ನನ್ನ ಕೆಲಸ. ದಿನಕ್ಕೆ ಐದಾರು ಗಂಟೆ ಹೆಡ್‌ಫೋನ್ ಕಿವಿಯ ಮೇಲೆಯೇ ಇರುತ್ತದೆ. ಈ ಅವಧಿಯಲ್ಲಿ ಎರಡು ವೈರ್‌ಲೆಸ್ ಹೆಡ್‌ಫೋನ್‌ಗಳನ್ನು ಬಳಸಿದ್ದೇನೆ. ಮೊದಲನೆಯದು 1,299 ರೂಪಾಯಿಯದು, ಕಿವಿಯ ಮೇಲೆ ಕೂರುವ ಚಿಕ್ಕ ಬಗೆಯದು. ಎರಡನೆಯದು 1,899 ರೂಪಾಯಿಯದು, ಕಿವಿಯನ್ನು ಪೂರ್ತಿ ಸುತ್ತುವರಿದು ಕೂರುವ ದೊಡ್ಡ ಬಗೆಯದು. ಎರಡರ ಪೆಟ್ಟಿಗೆಯ ಮೇಲೂ 40 ಮಿಲಿಮೀಟರ್ ಡ್ರೈವರ್ (ಧ್ವನಿ ಹೊರಡಿಸುವ ಒಳಗಿನ ಪುಟ್ಟ ಸ್ಪೀಕರ್), ಬ್ಲೂಟೂತ್ 5 ಎಂಬ ಒಂದೇ ಬಗೆಯ ವಿವರಗಳಿದ್ದವು. ಅಂಗಡಿಯಲ್ಲಿ ಕೇಳಿದಾಗ ಧ್ವನಿಯಲ್ಲೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಅಂತರ ಗೊತ್ತಾದದ್ದು ಕೆಲಸಕ್ಕೆ ಕುಳಿತ ದಿನ, ಮೂರು ಗಂಟೆ ಕಳೆದ ಮೇಲೆ.

ಮೊದಲನೆಯದನ್ನು ದೇವರಾಜ ಅರಸು ರಸ್ತೆಯ ಒಂದು ಅಂಗಡಿಯಲ್ಲಿ ಕೊಂಡೆ. ನಿಂತಲ್ಲೇ ಹಾಕಿಕೊಂಡು ಎರಡು ನಿಮಿಷ ಹಾಡು ಕೇಳಿದಾಗ ಹಗುರವಾಗಿದೆ, ಮೆತ್ತಗಿದೆ ಎನಿಸಿತು. ಮನೆಯ ಅಡುಗೆ ತಕ್ಕಡಿಯಲ್ಲಿ ತೂಗಿದರೆ 168 ಗ್ರಾಂ ಮಾತ್ರ. ಆದರೆ ಈ ಬಗೆಯ ಹೆಡ್‌ಫೋನಿನ ಕುಶನ್ ಕಿವಿಯ ಸುತ್ತ ಕೂರುವುದಿಲ್ಲ, ಕಿವಿಯ ಹಾಲೆಯನ್ನೇ ತಲೆಗೆ ಒತ್ತಿ ಹಿಡಿಯುತ್ತದೆ. ನಾನು ಕನ್ನಡಕ ಹಾಕುವವಳು, ಓಲೆ ಇಟ್ಟುಕೊಳ್ಳುವವಳು. ಕಿವಿಗೂ ತಲೆಗೂ ನಡುವೆ ಕನ್ನಡಕದ ಕಡ್ಡಿ ಸಿಕ್ಕಿಕೊಳ್ಳುತ್ತದೆ. ಓಲೆಯ ತಿರುಪು ಕಿವಿಯ ಹಿಂದಿನ ಚರ್ಮಕ್ಕೆ ಚುಚ್ಚುತ್ತದೆ. ಒಂದು ಗಂಟೆಯವರೆಗೆ ಇದಾವುದೂ ತಿಳಿಯುವುದಿಲ್ಲ. ಎರಡನೆಯ ಗಂಟೆಯಲ್ಲಿ ಕಿವಿಯ ಮೇಲಂಚು ಬೆಚ್ಚಗಾಗುತ್ತದೆ, ಮೂರನೆಯದರಲ್ಲಿ ನೋಯುತ್ತದೆ, ನಾಲ್ಕನೆಯದರಲ್ಲಿ ಹೆಡ್‌ಫೋನನ್ನು ಕಿತ್ತಿಟ್ಟು ಕಿವಿಯನ್ನು ಉಜ್ಜಿಕೊಳ್ಳದೆ ಗತಿಯಿಲ್ಲ. ಕೆಲಸಕ್ಕೆ ಕೂರುವ ಮೊದಲು ಓಲೆ ಬಿಚ್ಚಿಡುವುದನ್ನು ಕೆಲವು ದಿನ ಅಭ್ಯಾಸ ಮಾಡಿಕೊಂಡೆ. ಅಮ್ಮ ಅದನ್ನು ಕಂಡು, "ಬೋಳುಕಿವೀಲಿ ಯಾಕೆ ಕೂತಿದ್ದೀಯೆ, ಆ ಯಂತ್ರವನ್ನೇ ಬದಲಾಯಿಸಬಾರದಾ?" ಎಂದು ಕೇಳಿದರು. ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ನಮ್ಮ ಕಡೆಯ ಹೆಂಗಸರು ದಿನವಿಡೀ ತೊಡುವ ಒಡವೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ತಯಾರಾದ ವಸ್ತುವಿಗಾಗಿ ನಾವೇಕೆ ಓಲೆ ಬಿಚ್ಚಬೇಕು?

ಎರಡನೆಯದು 236 ಗ್ರಾಂ ತೂಗುತ್ತದೆ. ಆದರೂ ತಲೆಗೆ ಹಗುರ. ಭಾರ ಕಿವಿಯ ಮೇಲೆ ಬೀಳದೆ, ಅರ್ಧ ನೆತ್ತಿಯ ಮೇಲೂ ಇನ್ನರ್ಧ ಕಿವಿಯ ಸುತ್ತಲಿನ ಮೂಳೆಯ ಮೇಲೂ ಹಂಚಿಹೋಗುವುದೇ ಇದಕ್ಕೆ ಕಾರಣ. ಕುಶನ್ನಿನ ಒಳಗಿನ ಪೊಳ್ಳನ್ನು ಸ್ಕೇಲಿಟ್ಟು ಅಳೆದಾಗ ಉದ್ದ ಸುಮಾರು 6 ಸೆಂಟಿಮೀಟರ್, ಅಗಲ 4 ಸೆಂಟಿಮೀಟರ್ ಬಂತು. ನನ್ನ ಕಿವಿ ಅದರೊಳಗೆ ಕಷ್ಟವಿಲ್ಲದೆ ಕೂರುತ್ತದೆ, ಓಲೆಯೂ ಸೇರಿ, ಜುಮುಕಿಯಾದರೆ ಸಾಧ್ಯವಿಲ್ಲ. ನನ್ನ ತಮ್ಮನ ಕಿವಿ ದೊಡ್ಡದು, ಅವನಿಗೆ ಅಂಚು ತಾಗುತ್ತದೆ. ಹಾಗಾಗಿ ಪೆಟ್ಟಿಗೆಯ ಮೇಲಿನ ಬೇರೆಲ್ಲ ಅಂಕಿಗಳಿಗಿಂತ ಈ ಎರಡು ಅಳತೆಗಳೇ ಕೊಳ್ಳುವವರಿಗೆ ಹೆಚ್ಚು ಉಪಯುಕ್ತ. ದುರದೃಷ್ಟವಶಾತ್ ಪೆಟ್ಟಿಗೆಯ ಮೇಲೆ ಇಲ್ಲದಿರುವುದೂ ಇವೇ. ಹೊಸದರಲ್ಲಿ ಪಟ್ಟಿಯ ಬಿಗಿತ ಹೆಚ್ಚಾಗಿದ್ದುದರಿಂದ ತಲೆಯಷ್ಟು ಅಗಲವಾಗುವಂತೆ ಪುಸ್ತಕಗಳನ್ನು ಒತ್ತೊತ್ತಾಗಿ ನಿಲ್ಲಿಸಿ, ಎರಡು ರಾತ್ರಿ ಅದಕ್ಕೆ ತೊಡಿಸಿಟ್ಟೆ. ಬಿಗಿತ ಹದಕ್ಕೆ ಬಂತು. ಪಟ್ಟಿಯ ಒಳಗೆ ಉಕ್ಕಿನ ತೆಳು ತಗಡಿದ್ದರೆ ಮಾತ್ರ ಹೀಗೆ ಮಾಡಬೇಕು. ಬರಿಯ ಪ್ಲಾಸ್ಟಿಕ್ಕಾದರೆ ಸೀಳುತ್ತದೆ.

ಇದರ ದೊಡ್ಡ ತೊಂದರೆ ಸೆಕೆ. ಕಿವಿಯನ್ನು ಸುತ್ತ ಮುಚ್ಚಿದ ಮೇಲೆ ಒಳಗೆ ಗಾಳಿಯಾಡುವುದಿಲ್ಲ, ಮೇಲಿನ ಹೊದಿಕೆ ಚರ್ಮದಂತೆ ಕಾಣುವ ಕೃತಕ ವಸ್ತು. ಮಾರ್ಚ್ ಕಳೆದು ಏಪ್ರಿಲ್ ಬಂದಾಗ ಮಧ್ಯಾಹ್ನದ ಹೊತ್ತು ಕುಶನ್ ಬೆವರಿನಿಂದ ಅಂಟತೊಡಗಿತು. ಬೆವರು, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ತೇವ ಇವೆಲ್ಲ ಸೇರಿದರೆ ಆ ಹೊದಿಕೆ ಒಂದೆರಡು ವರ್ಷದಲ್ಲಿ ಹೊಟ್ಟಿನಂತೆ ಉದುರಲು ಆರಂಭಿಸುತ್ತದೆ. ನಾನು ಅಪ್ಪನ ಹಳೆಯ ಹತ್ತಿಯ ಪಂಚೆಯಿಂದ ಎರಡು ತುಂಡು ಕತ್ತರಿಸಿ, ಅಂಚಿಗೆ ಎಲಾಸ್ಟಿಕ್ ಹೊಲಿದು ಕುಶನ್ನಿಗೆ ತೊಡಿಸಿದ್ದೇನೆ. ವಾರಕ್ಕೊಮ್ಮೆ ಒಗೆದು ಹಾಕಿದರಾಯಿತು. ಧ್ವನಿಯಲ್ಲಿ ನನಗೆ ಯಾವ ವ್ಯತ್ಯಾಸವೂ ಕೇಳಿಸಲಿಲ್ಲ.

ಇನ್ನು ಧ್ವನಿಯ ಮಾತು. ಈ ಬೆಲೆಯ ಹೆಡ್‌ಫೋನ್‌ಗಳು ಹೆಚ್ಚಾಗಿ ಸಿನಿಮಾ ಹಾಡಿಗೆ ತಕ್ಕಂತೆ ಶ್ರುತಿಗೊಂಡಿರುತ್ತವೆ. ಬಾಸ್, ಅಂದರೆ ಕೆಳಸ್ತರದ ಧ್ವನಿ, ಹೆಚ್ಚಿದ್ದರೆ ಅಂಗಡಿಯಲ್ಲಿ ಬೇಗ ಮನಸ್ಸಿಗೆ ಹಿಡಿಸುತ್ತದೆ. ಮಾತು ಕೇಳುವವರಿಗೆ ಅದೇ ಅಡ್ಡಿ. ನನ್ನ ಮುದ್ರಣಗಳಲ್ಲಿ ಗಾಣದ ಇಂಜಿನ್ನಿನ ಸದ್ದು ಸದಾ ಹಿನ್ನೆಲೆಯಲ್ಲಿರುತ್ತದೆ, ಅದು ಕೆಳಸ್ತರದ ಸದ್ದು. ಬಾಸ್ ಉಬ್ಬಿದ ಹೆಡ್‌ಫೋನಿನಲ್ಲಿ ಇಂಜಿನ್ ಮುಂದೆ ಬಂದು, ಮಾತಾಡುತ್ತಿರುವ ಅಜ್ಜ ಹಿಂದೆ ಸರಿಯುತ್ತಾರೆ. ಆಲೆಮನೆಯಲ್ಲಿ ಕಬ್ಬಿನ ರಸಕ್ಕೆ ಹಾಲು ಎನ್ನುತ್ತಾರೆ. ಅದನ್ನು ಒಬ್ಬರು "ಹಾಲು" ಎಂದರೆ ಇನ್ನೊಬ್ಬರು "ಆಲು" ಎನ್ನುತ್ತಾರೆ. ಆಡಿದ್ದನ್ನು ಆಡಿದಂತೆಯೇ ಬರೆಯುವುದು ನನ್ನ ಕೆಲಸವಾದ್ದರಿಂದ ಆ ಹಕಾರ ಇತ್ತೇ ಇಲ್ಲವೇ ಎಂಬುದು ನನಗೆ ಮುಖ್ಯ. ಹಕಾರವೋ ಬರಿಯ ಉಸಿರಿನಷ್ಟು ಮೆಲುವಾದದ್ದು. ಚಿಕ್ಕ ಹೆಡ್‌ಫೋನಿನಲ್ಲಿ ಅಂಥ ಒಂದು ಪದಕ್ಕಾಗಿ ಏಳೆಂಟು ಬಾರಿ ಹಿಂದಕ್ಕೆ ಹೋಗಿದ್ದೇನೆ. ದೊಡ್ಡದರಲ್ಲಿ, ಫೋನಿನ ಈಕ್ವಲೈಸರ್‌ನಲ್ಲಿ ಬಾಸನ್ನು ಕೆಳಗಿಳಿಸಿದ ಮೇಲೆ, ಸಾಮಾನ್ಯವಾಗಿ ಎರಡನೆಯ ಸಲಕ್ಕೆ ತಿಳಿಯುತ್ತದೆ.

ಮೈಕಿನ ವಿಷಯದಲ್ಲಿ ಒಂದನ್ನು ತಿಳಿದುಕೊಂಡಿದ್ದರೆ ಅರ್ಧ ಗೊಂದಲ ತಪ್ಪುತ್ತದೆ. ಲ್ಯಾಪ್‌ಟಾಪಿಗೆ ಜೋಡಿಸಿಕೊಂಡು ಆನ್‌ಲೈನ್ ಸಭೆಗೆ ಸೇರಿದೊಡನೆ ಧ್ವನಿ ಇದ್ದಕ್ಕಿದ್ದಂತೆ ಹಳೆಯ ಲ್ಯಾಂಡ್‌ಲೈನ್ ಫೋನಿನಂತೆ ಕುಗ್ಗುತ್ತದೆ. ಹೆಡ್‌ಫೋನ್ ಕೆಟ್ಟಿದೆಯೆಂದು ನಾನು ಅಂಗಡಿಗೆ ಹೊರಟು ನಿಂತಿದ್ದೆ. ಕೆಟ್ಟಿರಲಿಲ್ಲ. ಬ್ಲೂಟೂತ್ ಸಾಮಾನ್ಯವಾಗಿ ಹಾಡು ಕೇಳಿಸುವುದಕ್ಕೆ ಒಂದು ವಿಧಾನವನ್ನೂ ಕರೆಗೆ ಇನ್ನೊಂದನ್ನೂ ಬಳಸುತ್ತದೆ. ಮೈಕ್ ತೆರೆದುಕೊಂಡಾಗ ಎರಡನೆಯದಕ್ಕೆ ಬದಲಾಗುತ್ತದೆ. ಅದರಲ್ಲಿ ಧ್ವನಿಯ ಮಾದರಿಯನ್ನು ಸೆಕೆಂಡಿಗೆ 8 ಸಾವಿರ ಅಥವಾ 16 ಸಾವಿರ ಬಾರಿ ಮಾತ್ರ ತೆಗೆದುಕೊಳ್ಳುವುದು ಸಾಮಾನ್ಯ, ಸಂಗೀತಕ್ಕಾದರೆ 44 ಸಾವಿರಕ್ಕೂ ಹೆಚ್ಚು. 8 ಸಾವಿರದ್ದಾದರೆ 4 ಸಾವಿರ ಹರ್ಟ್ಸ್‌ಗಿಂತ ಮೇಲಿನದು ದಾಟಿ ಬರುವುದೇ ಇಲ್ಲ. ಸಕಾರದ ಸೀಟಿಯ ಬಹುಪಾಲು ಇರುವುದು ಅಲ್ಲಿಯೇ. ಲ್ಯಾಪ್‌ಟಾಪಿನ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಮೈಕಿಗೆ ಹೆಡ್‌ಫೋನಿನ ಬದಲು ಲ್ಯಾಪ್‌ಟಾಪಿನದನ್ನೇ ಆರಿಸಿಕೊಂಡ ಮೇಲೆ ಧ್ವನಿ ಮೊದಲಿನಂತಾಯಿತು.

ವಾರಕ್ಕೆರಡು ದಿನ ರೈಲಿನಲ್ಲಿ ಮಂಡ್ಯಕ್ಕೆ ಹೋಗುತ್ತೇನೆ. ದೊಡ್ಡ ಹೆಡ್‌ಫೋನಿನ ಪೆಟ್ಟಿಗೆಯ ಮೇಲೆ ಇಎನ್‌ಸಿ ಎಂದು ದಪ್ಪಕ್ಷರದಲ್ಲಿತ್ತು. ಸುತ್ತಲಿನ ಗದ್ದಲವನ್ನು ಅದು ಅಡಗಿಸುತ್ತದೆಂದು ನಂಬಿದ್ದೆ. ಆದರೆ ಶ್ರೀರಂಗಪಟ್ಟಣದ ಬಳಿ ಕಾವೇರಿಯ ಸೇತುವೆಯ ಮೇಲೆ ರೈಲು ಹಾದಾಗ ಮುದ್ರಿತ ಮಾತು ಪೂರ್ತಿ ಮುಳುಗಿಹೋಯಿತು. ಇಎನ್‌ಸಿ ಕೆಲಸ ಮಾಡುವುದು ಮೈಕಿಗೆ, ಅಂದರೆ ನಮ್ಮ ಮಾತನ್ನು ಆ ತುದಿಯಲ್ಲಿ ಕೇಳುವವರಿಗೆ. ನಮ್ಮ ಕಿವಿಗೆ ಬೀಳುವ ಸದ್ದನ್ನು ಕಡಿಮೆ ಮಾಡುವುದು ಎಎನ್‌ಸಿ. ಒಂದೇ ಅಕ್ಷರದ ಅಂತರವಿರುವ ಈ ಎರಡನ್ನು ಬಿಡಿಸಿ ಹೇಳದೆ ಮಾರುವುದು ತಪ್ಪೆಂದೇ ನನ್ನ ಅಭಿಪ್ರಾಯ. ಗದ್ದಲದಲ್ಲಿ ಕೇಳಿಸದಿದ್ದಾಗ ನಾವೆಲ್ಲ ಮಾಡುವುದು ಧ್ವನಿ ಏರಿಸುವುದನ್ನೇ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. ಅದಕ್ಕೆ 3 ಡೆಸಿಬೆಲ್ ಸೇರಿದರೆ ಆ ಅವಧಿ ಅರ್ಧಕ್ಕಿಳಿಯುತ್ತದೆ. ನನ್ನ ಕೆಲಸದ ಗಂಟೆಗಳೇ ವಾರಕ್ಕೆ 30 ದಾಟುವುದರಿಂದ ರೈಲಿನಲ್ಲಿ ಕೇಳುವುದನ್ನು ಈಗ ನಿಲ್ಲಿಸಿದ್ದೇನೆ.

ಸಂಜೆಯ ಹೊತ್ತು ಇದನ್ನು ಬಳಸುವುದು ಅಮ್ಮ, ಹರಿಕಥೆ ಕೇಳಲು. ಬಲಗಡೆ ಮೂರು ಗುಂಡಿಗಳು ಸಾಲಾಗಿವೆ. ಗಾತ್ರ, ಆಕಾರ, ಎತ್ತರ ಎಲ್ಲವೂ ಒಂದೇ. ತಲೆಯ ಮೇಲಿರುವಾಗ ಅವು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ತಿಳಿಯುವುದಿಲ್ಲ. ಧ್ವನಿ ಹೆಚ್ಚಿಸಲು ಹೋಗಿ ಅಮ್ಮ ಕಥೆಯನ್ನೇ ಮುಂದಕ್ಕೆ ಹಾರಿಸುತ್ತಿದ್ದರು, ಏಕೆಂದರೆ ಅದೇ ಗುಂಡಿಯನ್ನು ಒಮ್ಮೆ ಒತ್ತಿದರೆ ಧ್ವನಿ, ಒತ್ತಿ ಹಿಡಿದರೆ ಮುಂದಿನ ಹಾಡು. ಹಿರಿಯರು ಒತ್ತುವುದೇ ನಿಧಾನವಾಗಿ. ನಡುವಿನ ಗುಂಡಿಯ ಮೇಲೆ ಉಗುರುಬಣ್ಣದ ಒಂದು ಹನಿ ಇಟ್ಟು ಒಣಗಿಸಿದೆ; ಮೇಲೊಂದು ದಪ್ಪ ಹನಿ. ಈಗ ಅಮ್ಮನ ಬೆರಳು ಆ ಚುಕ್ಕೆಯನ್ನು ಹುಡುಕಿಕೊಂಡು, ಅಲ್ಲಿಂದ ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ. ಕಾರ್ಖಾನೆಯಲ್ಲಿ ಒಂದು ಉಬ್ಬು ಚುಕ್ಕೆ ಇಡಲು ಎಷ್ಟು ಖರ್ಚಾದೀತು?

ಬ್ಯಾಟರಿಯ ಬಗ್ಗೆ ದೂರಿಲ್ಲ. ಪೆಟ್ಟಿಗೆ 40 ಗಂಟೆ ಎಂದರೂ ನನಗೆ 30ರ ಆಸುಪಾಸು ಬರುತ್ತದೆ. ಅದು ಮುಗಿದಾಗ 3.5 ಮಿಲಿಮೀಟರ್ ವೈರನ್ನು ಸಿಕ್ಕಿಸಿ ಕೆಲಸ ಮುಂದುವರಿಸಬಹುದು. ಆ ವೈರಿನ ತೂತು ಇಲ್ಲದ ಹೆಡ್‌ಫೋನನ್ನು ನಾನಂತೂ ಕೊಳ್ಳುವುದಿಲ್ಲ.

ಚಿಕ್ಕದು ಮುರಿದದ್ದು ಏಳನೆಯ ತಿಂಗಳಿನಲ್ಲಿ, ಮಡಚುವ ಕೀಲಿನ ಬಳಿ. ಒಂದು ವರ್ಷದ ವಾರಂಟಿ ಇತ್ತು. ಅಂಗಡಿಗೆ ಹೋದರೆ ಬಿಲ್ ಕೇಳಿದರು. ಕಪಾಟಿನಲ್ಲಿ ಜೋಪಾನವಾಗಿಟ್ಟಿದ್ದ ಬಿಲ್ಲನ್ನು ಬಿಚ್ಚಿದರೆ ಅದು ಬರಿಯ ಬಿಳಿ ಚೀಟಿ. ಬಿಸಿಯಿಂದ ಅಕ್ಷರ ಮೂಡಿಸುವ ಕಾಗದವಾದ್ದರಿಂದ ಮುದ್ರಣವೆಲ್ಲ ಮಾಸಿಹೋಗಿತ್ತು. ಬೆಳಕಿಗೆ ಓರೆಯಾಗಿ ಹಿಡಿದಾಗ ದಿನಾಂಕದ ಎರಡು ಅಂಕಿ ಮಾತ್ರ ಕಂಡವು, ಅದು ಅವರಿಗೆ ಸಾಲಲಿಲ್ಲ. ದೊಡ್ಡದರ ಬಿಲ್ಲನ್ನು ಅಂಗಡಿಯ ಮೆಟ್ಟಿಲಿಳಿಯುವ ಮೊದಲೇ ಫೋಟೊ ತೆಗೆದುಕೊಂಡೆ. ಈ ಹೆಡ್‌ಫೋನಿಗೆ ಹದಿನಾಲ್ಕು ತಿಂಗಳಾಗಿದೆ, ಕೀಲುಗಳು ಗಟ್ಟಿಯಾಗಿವೆ. ಎಡಗಡೆಯ ಕುಶನ್ನಿನಲ್ಲಿ ಪಂಚೆಯ ಬಟ್ಟೆಯ ಕೆಳಗೆ ಮೊದಲ ಬಿರುಕು ಕಾಣಿಸಿಕೊಂಡಿರುವುದರಿಂದ, ಅದೇ ಅಳತೆಯ ಬಿಡಿ ಕುಶನ್ ಜೋಡಿಯೊಂದನ್ನು 250 ರೂಪಾಯಿ ಕೊಟ್ಟು ತರಿಸಿಟ್ಟಿದ್ದೇನೆ.